ಕೆಂಪು ಪ್ಯಾಂಟಿನಿಂದ ದಿಗಂತ ನೀಲಿಗೆ: 1914–15ರ ಫ್ರೆಂಚ್ ಸೈನಿಕನನ್ನು ಗೇಮ್‌ಗೆ ತರುವ ಬಗೆ

ಮೊದಲ ಮಹಾಯುದ್ಧದ ಗೇಮ್‌ಗಳಲ್ಲಿ ಫ್ರೆಂಚ್ ಪದಾತಿ ಎಂದರೆ ತಿಳಿನೀಲಿ ಕೋಟು, ಉಕ್ಕಿನ ಹೆಲ್ಮೆಟ್. ಅದೇ ಸೈನಿಕ 1914ರ ಆಗಸ್ಟ್‌ನ ಗಡಿ ಕಾಳಗದಲ್ಲೂ ಓಡಾಡುತ್ತಿರುತ್ತಾನೆ. ಆ ತಿಂಗಳಲ್ಲಿ ಆ ಕೋಟೂ ಇರಲಿಲ್ಲ, ಆ ಹೆಲ್ಮೆಟ್ಟೂ ಇರಲಿಲ್ಲ. ಹದಿನಾಲ್ಕು ತಿಂಗಳೊಳಗೆ ಆ ಸೇನೆಯ ಉಡುಪು ಕನಿಷ್ಠ ಮೂರು ಸಲ ರೂಪ ಬದಲಿಸಿತು. ಹಾಗಾಗಿ ಸಮವಸ್ತ್ರದ ಮಾಡ್ (ಗೇಮಿನ ಫೈಲುಗಳಲ್ಲಿ ಆಟಗಾರರೇ ಮಾಡಿಕೊಳ್ಳುವ ಬದಲಾವಣೆ) ಮಾಡುವವರು ಬಣ್ಣಕ್ಕೆ ಕೈಹಾಕುವ ಮೊದಲು ತಿಂಗಳು, ವರ್ಷ, ರೆಜಿಮೆಂಟ್ ಮೂರನ್ನೂ ಗೊತ್ತುಮಾಡಿಕೊಳ್ಳಬೇಕು.

ಮೊದಲ ಹೆಜ್ಜೆ: ಕಾಲ ಗೊತ್ತುಮಾಡಿಕೊಳ್ಳಿ

ಮೂರು ಫೋಲ್ಡರ್ ಮಾಡಿಕೊಳ್ಳಿ. ಒಂದನೆಯದು 1914ರ ಆಗಸ್ಟ್–ಸೆಪ್ಟೆಂಬರ್. ಇದರಲ್ಲಿ ಬರುವುದು 1877ರ ಮಾದರಿಯ ನೀಲಿ ಛಾಯೆಯ ಕಡುಬೂದು ಗ್ರೇಟ್‌ಕೋಟ್, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ, ನಡೆಯುವಾಗ ಕಾಲಿಗೆ ತೊಡರದಂತೆ ಹಿಂದಕ್ಕೆ ಮಡಚಿ ಸಿಕ್ಕಿಸಿದ ಅಂಚು. ಕೆಳಗೆ ಗರಾನ್ಸ್ ಎಂಬ ಗಾಢ ಕೆಂಪಿನ ಪ್ಯಾಂಟು. ತಲೆಗೆ 1884ರ ಮಾದರಿಯ ಕೆಪಿ, ಅಂದರೆ ಮುಂದೆ ಸಣ್ಣ ಅಂಚಿರುವ ಫ್ರೆಂಚ್ ಸೇನಾ ಟೋಪಿ. ಕೆಪಿಯ ಮೇಲ್ಭಾಗ ಕೆಂಪೇ ಆದರೂ ಯುದ್ಧಭೂಮಿಯಲ್ಲಿ ಅದಕ್ಕೆ ನೀಲಿ ಬಟ್ಟೆಯ ಮುಸುಕು ಇತ್ತು. ಬಹಳಷ್ಟು ಮಾಡ್‌ಗಳು ತಪ್ಪುವುದು ಇಲ್ಲೇ: ಕೆಂಪು ಪ್ಯಾಂಟಿನ ಜೊತೆ ಕೆಂಪು ಟೋಪಿಯನ್ನೂ ಬಯಲಿಗೆ ಬಿಡುತ್ತವೆ. ಚರ್ಮದ ಸಾಮಾನು ಪೂರ್ತಿ ಕಪ್ಪು. ಮದ್ದುಗುಂಡಿನ ಚೀಲ ಮೂರು, ಮುಂದೆ ಎರಡು, ಬೆನ್ನ ಹಿಂದೆ ಒಂದು. ಹಿಂದಿನ ಚೀಲವನ್ನು ಮರೆಯುವವರು ಅನೇಕರು.

ಎರಡನೆಯ ಫೋಲ್ಡರ್ 1914ರ ಅಕ್ಟೋಬರ್‌ನಿಂದ 1915ರ ಬೇಸಿಗೆಯವರೆಗಿನದು, ಕಲಸುಮೇಲೋಗರದ ಕಾಲ. ಕೆಂಪನ್ನು ಮುಚ್ಚಲು ಮೇಲೊಂದು ನೀಲಿ ಪ್ಯಾಂಟು ಕೊಟ್ಟರು. ಕೈಗೆ ಸಿಕ್ಕ ಬಣ್ಣದ ಕಾರ್ಡುರಾಯ್ ಪ್ಯಾಂಟುಗಳನ್ನೂ ಹಂಚಿದರು. ಬೇಗ ಹೊಲಿಯಲಿಕ್ಕೆಂದು ಪ್ಯಾರಿಸ್ಸಿನ ವಸ್ತ್ರವಿನ್ಯಾಸಕಾರ ಪಾಲ್ ಪ್ವಾರೆ ಒಂದೇ ಸಾಲು ಗುಂಡಿಯ ಸರಳ ಗ್ರೇಟ್‌ಕೋಟ್ ರೂಪಿಸಿದ. ಮುಂದೆ 1915ರ ಮಾದರಿಯಲ್ಲಿ ಎರಡು ಸಾಲು ಮತ್ತೆ ಬಂತು. ಮಾಡ್ ಮಾಡುವವರಿಗೆ ಈ ಅವಧಿಯೇ ನಿಜವಾದ ಹಬ್ಬ, ಒಂದೇ ತುಕಡಿಯಲ್ಲಿ ನಾಲ್ಕೈದು ವೇಷ ತೋರಿಸಿದರೂ ಅದು ಇತಿಹಾಸಕ್ಕೆ ಹತ್ತಿರವಾಗಿಯೇ ಇರುತ್ತದೆ. ಕೆಪಿಯೊಳಗೆ ತೊಡುತ್ತಿದ್ದ ಉಕ್ಕಿನ ಬಟ್ಟಲು ಬಂದದ್ದೂ 1915ರ ಆರಂಭದಲ್ಲಿ. ಅದು ಹೊರಗೆ ಕಾಣುವುದಿಲ್ಲ, ಅದಕ್ಕಾಗಿ ಸಮಯ ಕಳೆಯಬೇಡಿ.

ಮೂರನೆಯದು 1915ರ ಸೆಪ್ಟೆಂಬರ್‌ನಿಂದ ಆಚೆಗೆ: ದಿಗಂತ ನೀಲಿ ಎಂಬ ತಿಳಿನೀಲಿ ಬಟ್ಟೆ, ಕಾಲಿಗೆ ಸುತ್ತಿದ ಪಟ್ಟಿ, ಏಡ್ರಿಯನ್ ಎಂಬ ಉಕ್ಕಿನ ಹೆಲ್ಮೆಟ್. ಕಪ್ಪು ಚರ್ಮದ ಜಾಗಕ್ಕೆ ಕಂದು ಚರ್ಮ ನಿಧಾನವಾಗಿ ಬರತೊಡಗಿದ್ದೂ ಈ ಹೊತ್ತಿಗೇ.

ಎರಡನೆಯ ಹೆಜ್ಜೆ: ಬಣ್ಣದ ಆಧಾರ

ಕಪ್ಪು-ಬಿಳುಪು ಚಿತ್ರ ನೋಡಿ ಬಣ್ಣ ಊಹಿಸಬೇಡಿ. ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಆದ್ದರಿಂದ ಕೆಂಪು ಪ್ಯಾಂಟು ಕಪ್ಪಾಗಿಯೂ ದಿಗಂತ ನೀಲಿ ಬಹುಪಾಲು ಬಿಳಿಯಾಗಿಯೂ ಮೂಡಿರುತ್ತದೆ. ಈಚೆಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಹಳೆಯ ಫೋಟೊಗಳೂ ಆಧಾರವಲ್ಲ. ಲ್ಯೂಮಿಯೇರ್ ಸೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೊಕ್ರೋಮ್ ಬಣ್ಣದ ಫಲಕಗಳಲ್ಲಿ ಯುದ್ಧಕಾಲದ ಸೈನಿಕರ ಚಿತ್ರಗಳಿವೆ, ಅವನ್ನು ಹುಡುಕಿ. ಪ್ಯಾರಿಸ್ಸಿನ ಆ್ಯನ್ವಲೀಡ್‌ನಲ್ಲಿರುವ ಸೇನಾ ಮ್ಯೂಸಿಯಂ ಮತ್ತು ಮೋ ಪಟ್ಟಣದ ಮಹಾಯುದ್ಧದ ಮ್ಯೂಸಿಯಂನ ಉಡುಪುಗಳ ಚಿತ್ರಗಳೂ ಉಪಯುಕ್ತ. ಆದರೆ ನೂರು ವರ್ಷದ ಬಟ್ಟೆ ಮಾಸಿರುತ್ತದೆ. ಕಾಲರಿನ ಅಡಿ, ಜೇಬಿನ ಮುಚ್ಚಳದ ಕೆಳಗೆ, ಮಡಿಕೆಯ ಒಳಗೆ ಕಾಣುವ ಬಣ್ಣವನ್ನೇ ನಂಬಿ.

ಕೆಂಪು ಹೋಗಿ ತಿಳಿನೀಲಿ ಬಂದ ಕಾರಣ ತಿಳಿದರೆ ಟೆಕ್ಸ್ಚರ್ (ಮಾಡೆಲಿನ ಮೇಲೆ ಹೊದಿಸುವ ಚಿತ್ರ) ಬರೆಯುವುದು ಸುಲಭವಾಗುತ್ತದೆ. ಗರಾನ್ಸ್ ಕೆಂಪು ಮೊದಲು ಮಂಜಿಷ್ಠದ ಜಾತಿಯ ಗಿಡದ ಬೇರಿನಿಂದ ಬರುತ್ತಿತ್ತು. 1868ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರಾದ ಗ್ರೇಬೆ ಮತ್ತು ಲೀಬರ್‌ಮನ್ ಅದರ ಬಣ್ಣದ ಸಾರವಾದ ಅಲಿಜರಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೇಲೆ ಅದು ಜರ್ಮನ್ ಕಾರ್ಖಾನೆಗಳ ಸರಕಾಯಿತು. 1914ರ ಜುಲೈನಲ್ಲಿ ಫ್ರಾನ್ಸ್ ನೀಲಿ, ಬಿಳಿ, ಕೆಂಪು ಎಳೆಗಳನ್ನು ಬೆರೆಸಿದ ಹೊಸ ಬಟ್ಟೆಗೆ ಒಪ್ಪಿಗೆ ಕೊಟ್ಟಿತ್ತು. ಮರುತಿಂಗಳೇ ಯುದ್ಧ ಶುರುವಾಗಿ ಬಣ್ಣ ಕೊಡುತ್ತಿದ್ದ ದೇಶವೇ ಶತ್ರುವಾಯಿತು. ಕೆಂಪು ಎಳೆ ಬಿಟ್ಟು ನೇಯ್ದಾಗ ಉಳಿದದ್ದು ದಿಗಂತ ನೀಲಿ.

ಅಂದರೆ ಅದು ಒಂದೇ ಬಣ್ಣದಲ್ಲಿ ಅದ್ದಿದ ಬಟ್ಟೆಯಲ್ಲ, ಬಿಳಿ ಮತ್ತು ನೀಲಿ ಉಣ್ಣೆಯ ಮಿಶ್ರಣ. ಚಪ್ಪಟೆ ನೀಲಿ ಬಳಿದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. 8 ಬಿಟ್ ಲೆಕ್ಕದಲ್ಲಿ (ಪ್ರತಿ ಬಣ್ಣಕ್ಕೂ 0ಯಿಂದ 255) ಕೆಂಪು 135, ಹಸಿರು 150, ನೀಲಿ 165ರ ಆಸುಪಾಸಿನಲ್ಲಿ ಶುರುಮಾಡಿ, ಮೇಲೆ ಒಂದು-ಎರಡು ಪಿಕ್ಸೆಲ್ ಗಾತ್ರದ ಬಿಳಿ ಮತ್ತು ಕಡುನೀಲಿ ಚುಕ್ಕೆಗಳನ್ನು ಶೇ 4–5ರಷ್ಟು ತೀವ್ರತೆಯಲ್ಲಿ ಹರಡಿ. ಗರಾನ್ಸ್‌ಗೆ 140, 40, 45; 1877ರ ಕೋಟಿಗೆ 70, 80, 100 ಒಳ್ಳೆಯ ಆರಂಭ. ಗೇಮಿನ ಬೆಳಕು ಬಣ್ಣವನ್ನು ಇನ್ನಷ್ಟು ಗಾಢ ಮಾಡುವುದರಿಂದ ಕೆಂಪನ್ನು ಇದಕ್ಕಿಂತ ಜೋರು ಮಾಡಬೇಡಿ.

ಮೂರನೆಯ ಹೆಜ್ಜೆ: ಟೆಕ್ಸ್ಚರ್

ಗೇಮಿನ ಮೂಲ ಫೈಲುಗಳ ಪ್ರತಿ ತೆಗೆದಿಟ್ಟು, ಸೈನಿಕನ 3ಡಿ ಮಾಡೆಲನ್ನು ಬ್ಲೆಂಡರ್ ತಂತ್ರಾಂಶದಲ್ಲಿ, ಟೆಕ್ಸ್ಚರನ್ನು ಚಿತ್ರ ತಿದ್ದುವ ಗಿಂಪ್‌ನಲ್ಲಿ ತೆರೆಯಿರಿ. ಯುವಿ ನಕ್ಷೆಯನ್ನು (ಟೆಕ್ಸ್ಚರಿನ ಯಾವ ಭಾಗ ಮಾಡೆಲಿನ ಎಲ್ಲಿಗೆ ಬರುತ್ತದೆ ಎಂದು ತೋರಿಸುವ ನಕ್ಷೆ) ಚಿತ್ರವಾಗಿ ತೆಗೆದು ಮೇಲಿನ ಲೇಯರಿಗೆ ಹಾಕಿಕೊಂಡರೆ ಯಾವ ಹೊಲಿಗೆ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಬಣ್ಣ, ಸಾಮಾನಿನ ಕೊಳೆ, ಹೊಲಿಗೆ ಇವು ಬೇರೆ ಬೇರೆ ಲೇಯರಿನಲ್ಲಿರಲಿ. ಹಾಗಿದ್ದರೆ ಮೂರು ಕಾಲಕ್ಕೂ ಕೆಳಗಿನ ಬಣ್ಣವೊಂದನ್ನೇ ಬದಲಿಸಬಹುದು. ಬಣ್ಣದ ಟೆಕ್ಸ್ಚರಿನಲ್ಲಿ ನೆರಳು, ಹೊಳಪು ಬರೆಯಬೇಡಿ, ಆ ಕೆಲಸ ಗೇಮಿನ ಬೆಳಕಿನದು.

ಕಾಲರ್ ಪಟ್ಟಿಯ ಅಂಕಿ ಎಚ್ಚರ ಬೇಡುವ ಜಾಗ. 1914ರ ಗ್ರೇಟ್‌ಕೋಟಿನ ಕಾಲರಿಗೆ ಕೆಂಪು ಪಟ್ಟಿ, ಅದರ ಮೇಲೆ ನೀಲಿಯಲ್ಲಿ ರೆಜಿಮೆಂಟಿನ ಸಂಖ್ಯೆ. ಸಕ್ರಿಯ ಪದಾತಿ ರೆಜಿಮೆಂಟುಗಳ ಸಂಖ್ಯೆ 1ರಿಂದ 173. ಮೀಸಲು ರೆಜಿಮೆಂಟಿಗೆ ಮೂಲ ಸಂಖ್ಯೆಗೆ 200 ಕೂಡಿಸುತ್ತಿದ್ದರು, ಹಾಗಾಗಿ 46ರ ಮೀಸಲು 246. ಕಾಲರಿನಲ್ಲಿ 190 ಎಂದು ಬರೆದರೆ ತಿಳಿದವರು ತಕ್ಷಣ ಹಿಡಿಯುತ್ತಾರೆ. ಇನ್ನೊಂದು ತೊಡಕು ತಾಂತ್ರಿಕ. ಜಾಗ ಉಳಿಸಲು ಬಹುತೇಕ ಮಾಡೆಲುಗಳ ಎಡ-ಬಲ ಭಾಗಗಳು ಒಂದೇ ಯುವಿಯನ್ನು ಕನ್ನಡಿಯಂತೆ ಹಂಚಿಕೊಂಡಿರುತ್ತವೆ. ಆಗ ಒಂದು ಬದಿಯಲ್ಲಿ 46 ಸರಿಯಾಗಿ, ಇನ್ನೊಂದು ಬದಿಯಲ್ಲಿ ತಿರುಗುಮುರುಗಾಗಿ ಬರುತ್ತದೆ. ಆ ಒಂದು ಬದಿಯ ಕಾಲರಿನ ಮುಖಗಳನ್ನಷ್ಟೇ (ಮಾಡೆಲಿನ ಮೇಲ್ಮೈಯ ಸಣ್ಣ ತುಂಡುಗಳು) ಆಯ್ದು, ಯುವಿಯ ಖಾಲಿ ಮೂಲೆಗೆ ಸರಿಸಿ, ಕನ್ನಡಿ ತಿರುಗನ್ನು ತೆಗೆದು ಪಟ್ಟಿಯನ್ನು ಬೇರೆಯಾಗಿ ಬರೆಯಿರಿ.

ಗುಂಡಿಗಳ ಉಬ್ಬು ಇರುವುದು ನಾರ್ಮಲ್ ಮ್ಯಾಪಿನಲ್ಲಿ, ಅಂದರೆ ಮೇಲ್ಮೈಯ ಉಬ್ಬುತಗ್ಗನ್ನು ಬೆಳಕಿಗೆ ತಿಳಿಸುವ ಚಿತ್ರದಲ್ಲಿ. ಎರಡು ಸಾಲನ್ನು ಒಂದಕ್ಕಿಳಿಸುವಾಗ ಬಣ್ಣದಲ್ಲಷ್ಟೇ ಅಳಿಸಿದರೆ ಬೆಳಕು ಓರೆಯಾಗಿ ಬಿದ್ದಾಗ ಹಳೆಯ ಸಾಲು ಉಬ್ಬಿ ಕಾಣುತ್ತದೆ. ನಾರ್ಮಲ್ ಮ್ಯಾಪಿನಲ್ಲಿ ಆ ಜಾಗವನ್ನು 128, 128, 255ರಿಂದ ತುಂಬಿ. ಗುಂಡಿಗಳೆಲ್ಲ ಕುಳಿಗಳಂತೆ ಕಂಡರೆ ಹಸಿರು ಚಾನಲ್ ತಲೆಕೆಳಗಾಗಿದೆ ಎಂದರ್ಥ. ಡೈರೆಕ್ಟ್‌ಎಕ್ಸ್ ಮತ್ತು ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಪದ್ಧತಿಗಳು ಅದನ್ನು ಎದುರುಬದುರಾಗಿ ಓದುತ್ತವೆ, ಆ ಚಾನಲ್ಲೊಂದನ್ನು ಇನ್ವರ್ಟ್ ಮಾಡಿದರೆ ಸರಿಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಹೆಲ್ಮೆಟ್

ಬಟ್ಟೆಗೆ ಹಳೆಯ ಮಾಡೆಲ್ ಸಾಕು, ಏಡ್ರಿಯನ್ ಹೆಲ್ಮೆಟ್ಟಿಗೆ ಹೊಸ ಮಾಡೆಲ್ಲೇ ಬೇಕು. ಸೇನಾ ಅಧಿಕಾರಿ ಅಗಸ್ತ್-ಲೂಯಿ ಏಡ್ರಿಯನ್ ಹೆಸರಿನ ಈ ಹೆಲ್ಮೆಟ್ ಸುಮಾರು 0.7 ಮಿ.ಮೀ. ದಪ್ಪದ ಉಕ್ಕಿನದು. ಬಟ್ಟಲು, ಮುಂದಿನ ಅಂಚು, ಹಿಂದಿನ ಅಂಚು, ನೆತ್ತಿಯ ಗಾಳಿಕಿಂಡಿಯನ್ನು ಮುಚ್ಚುವ ಉದ್ದನೆಯ ಏಣು ಇವು ಬೇರೆ ಬೇರೆ ತುಂಡುಗಳು. ಎರಡು ಅಂಚುಗಳೂ ಕಿವಿಯ ಬಳಿ ಕೂಡುವ ಗೆರೆ ಕಾಣಲೇಬೇಕು. ಇಡೀ ಅಂಚನ್ನು ಒಂದೇ ಸುತ್ತಾಗಿ ಮಾಡಿದರೆ ಅದು 1915ರ ಏಡ್ರಿಯನ್ ಆಗಿ ಉಳಿಯುವುದಿಲ್ಲ. ಮುಂದಿನ ಲಾಂಛನ ಪದಾತಿಗೆ ಉರಿಯುವ ಗ್ರೆನೇಡ್, ಶಾಸರ್ ಎಂಬ ಹಗುರ ಪದಾತಿ ಪಡೆಗೆ ಬೇಟೆಯ ಕಹಳೆ, ಫಿರಂಗಿ ದಳಕ್ಕೆ ಅಡ್ಡ ಇಟ್ಟ ತೋಪುಗಳು. ಹತ್ತಿರದ ನೋಟಕ್ಕೆ 600–800 ತ್ರಿಕೋಣ ಸಾಕು, ದೂರದ್ದಕ್ಕೆ 150. ಎಲ್ಲ ವರ್ಟೆಕ್ಸ್‌ಗಳನ್ನೂ (ತ್ರಿಕೋಣಗಳ ಮೂಲೆಬಿಂದುಗಳು), ಮಾಡೆಲನ್ನು ಅಲುಗಾಡಿಸುವ ಅಸ್ಥಿಪಂಜರದ ತಲೆಯ ಮೂಳೆಗೆ 1.0 ತೂಕದಲ್ಲಿ ಕಟ್ಟಿ. ಕುತ್ತಿಗೆಯ ಮೂಳೆಗೆ ಸ್ವಲ್ಪ ತೂಕ ಉಳಿದರೂ ಸೈನಿಕ ತಲೆ ತಿರುಗಿಸಿದಾಗ ಉಕ್ಕು ರಬ್ಬರಿನಂತೆ ಎಳೆದುಕೊಳ್ಳುತ್ತದೆ.

ಫ್ರೆಂಚರ 1915ರ ಷಾಂಪೇನ್ ದಾಳಿ ಆರಂಭವಾದದ್ದು ಸೆಪ್ಟೆಂಬರ್ 25ರಂದು. ಆಗಿನ ಹೆಲ್ಮೆಟ್‌ಗಳ ಬಣ್ಣ ಹೊಳೆಯುತ್ತಿತ್ತು, ಆ ಹೊಳಪೇ ಶತ್ರುವಿಗೆ ಗುರುತಾದ್ದರಿಂದ ಆಮೇಲೆ ಮಂದ ಬಣ್ಣಕ್ಕೆ ಹೋದರು. ಮೊದಲ ತಿಂಗಳುಗಳ ಮಾಡ್‌ಗೆ ರಫ್‌ನೆಸ್ (ಹೆಚ್ಚಿದಷ್ಟೂ ಹೊಳಪು ಮಂದವಾಗುವ ಬೆಲೆ) 0.35, ನಂತರದ್ದಕ್ಕೆ 0.7 ಇಡಿ. ಬಣ್ಣ ಬಳಿದ ಉಕ್ಕು ಇದು. ಮೇಲ್ಮೈ ಬರಿಯ ಲೋಹವೇ ಎಂದು ಹೇಳುವ ಮೆಟಾಲಿಕ್ ಬೆಲೆ ಸೊನ್ನೆಯೇ ಇರಲಿ, ಬಣ್ಣ ಕಿತ್ತ ಅಂಚಿನಲ್ಲಿ ಮಾತ್ರ 1.

ಐದನೆಯ ಹೆಜ್ಜೆ: ಎಕ್ಸ್‌ಪೋರ್ಟ್, ಪರೀಕ್ಷೆ

2048×2048 ಚಿತ್ರ ಹಾಗೇ ಇದ್ದರೆ 16 ಎಂಬಿ. ಗೇಮ್ ಟೆಕ್ಸ್ಚರುಗಳ ಡಿಡಿಎಸ್ ಫೈಲಿನಲ್ಲಿ ಬಿಸಿ7 ಎಂಬ ಕುಗ್ಗಿಸುವ ಬಗೆಯಲ್ಲಿ 4 ಎಂಬಿ, ಮಿಪ್‌ಮ್ಯಾಪ್ (ದೂರದ ನೋಟಕ್ಕೆ ಬಳಸುವ ಚಿಕ್ಕ ಪ್ರತಿಗಳು) ಸೇರಿ ಸುಮಾರು 5.3. ಬಿಸಿ1 ಬಗೆಯಲ್ಲಿ ಗಾತ್ರ ಇನ್ನೂ ಅರ್ಧವಾದರೂ ಕೆಂಪು ಪ್ಯಾಂಟಿನ ಮಡಿಕೆಗಳಲ್ಲಿ ಚೌಕಾಕಾರದ ಕಲೆ ಬೀಳುತ್ತದೆ. ನಾರ್ಮಲ್ ಮ್ಯಾಪಿಗೆ ಬಿಸಿ5. ಬಣ್ಣದ ಫೈಲನ್ನು ಎಸ್‌ಆರ್‌ಜಿಬಿ (ಪರದೆಯ ಬಣ್ಣದ ಲೆಕ್ಕ) ಎಂದೂ ನಾರ್ಮಲ್, ರಫ್‌ನೆಸ್ ಫೈಲುಗಳನ್ನು ಲೀನಿಯರ್ (ಇದ್ದ ಅಂಕಿಯನ್ನೇ ಓದುವ ಲೆಕ್ಕ) ಎಂದೂ ಉಳಿಸಿ. ಮಿಪ್‌ಮ್ಯಾಪ್ ಇಲ್ಲದೆ ಕಳಿಸಿದರೆ ದೂರದ ಸಾಲು ನಡೆಯುವಾಗ ಮಿಣಮಿಣ ಎನ್ನುತ್ತದೆ, ದಿಗಂತ ನೀಲಿಯ ಚುಕ್ಕೆಗಳಿಂದ ಅದು ಇನ್ನೂ ಎದ್ದು ಕಾಣುತ್ತದೆ.

ಗೇಮಿನಲ್ಲಿ ಒಬ್ಬನನ್ನಲ್ಲ, ನೂರು ಜನರನ್ನು ನಿಲ್ಲಿಸಿ ನೋಡಿ. ನಡು ಮಧ್ಯಾಹ್ನ, ಸಂಜೆ, ಮೋಡ ಮೂರರಲ್ಲೂ ನೋಡಿ. ಹತ್ತಿರದಲ್ಲಿ ಹೊಸ ವೇಷ, ದೂರ ಸರಿದಂತೆ ಹಳೆಯದೇ ಕಂಡರೆ ಕಡಿಮೆ ವಿವರದ ಮಾಡೆಲಿಗೆ ಇನ್ನೂ ಮೂಲ ಟೆಕ್ಸ್ಚರೇ ಅಂಟಿದೆ. ಏನೂ ಬದಲಾಗದಿದ್ದರೆ ಫೈಲಿನ ಹೆಸರು, ಫೋಲ್ಡರಿನ ದಾರಿ ಮೂಲದ್ದಕ್ಕೆ ಅಕ್ಷರಶಃ ಹೊಂದುತ್ತಿದೆಯೇ, ಬೇರೊಂದು ಮಾಡ್ ನಿಮ್ಮದಕ್ಕಿಂತ ನಂತರ ಲೋಡ್ ಆಗುತ್ತಿದೆಯೇ ನೋಡಿ. ಹಂಚುವಾಗ ಬದಲಿಸಿದ ಫೈಲುಗಳನ್ನಷ್ಟೇ ಕಟ್ಟಿ, ಗೇಮಿನ ಮೂಲ ಫೈಲುಗಳನ್ನಾಗಲಿ ಮ್ಯೂಸಿಯಂ ಫೋಟೊಗಳನ್ನಾಗಲಿ ಅನುಮತಿಯಿಲ್ಲದೆ ಸೇರಿಸಬೇಡಿ. ಜೊತೆಗಿಡುವ ಟಿಪ್ಪಣಿಯಲ್ಲಿ ಈ ವೇಷ ಯಾವ ತಿಂಗಳಿನದು, ಯಾವ ರೆಜಿಮೆಂಟಿನದು ಎಂದು ಬರೆಯಿರಿ.