ಮೊದಲ ಕ್ಯಾಮೆರಾ ಕೊಳ್ಳುವವರು ಗಮನಿಸಬೇಕಾದದ್ದು

ಕೊಪ್ಪಳ, ಗಂಗಾವತಿ ಕಡೆ ಮದುವೆ ಚಿತ್ರೀಕರಣಕ್ಕೆಂದು ಮೊದಲ ಕ್ಯಾಮೆರಾ ಕೊಳ್ಳಲು ಹೊರಟಿರುವ ಗೆಳೆಯರು, ಬೆಲೆ ಹೆಚ್ಚಿದ್ದಷ್ಟೂ ಚಿತ್ರ ಉತ್ತಮವಾಗುತ್ತದೆಂದು ನಂಬಿ ಸಾಲ ಮಾಡಬಾರದೆಂಬುದು ನನ್ನ ಕಳಕಳಿಯ ವಿನಂತಿ. ಕ್ಯಾಮೆರಾದೊಳಗೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಭಾಗವಾದ ಸೆನ್ಸರ್ ರೂಪಿಸಲು ಭಾರಿ ವೆಚ್ಚ ತಗಲುವುದರಿಂದ ಕಂಪನಿಗಳು ಒಂದೇ ವಿನ್ಯಾಸವನ್ನು ಹಲವು ಮಾದರಿಗಳಲ್ಲಿ ಬಳಸಿ ಆ ಹೊರೆಯನ್ನು ಹಂಚುತ್ತವೆ; ಕ್ಯಾನನ್ 2009ರ 7ಡಿ, 2010ರ 550ಡಿ ಮತ್ತು 60ಡಿ, 2011ರ 600ಡಿ ಮಾದರಿಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ 18 ಮೆಗಾಪಿಕ್ಸೆಲ್ ಸೆನ್ಸರ್ ಅಳವಡಿಸಿತ್ತು. ಹೆಚ್ಚು ಹಣ ತೆತ್ತವರಿಗೆ ದೊರೆತದ್ದು ಮುಖ್ಯವಾಗಿ ಗಟ್ಟಿ ಕವಚ ಮತ್ತು ಚುರುಕಾದ ಫೋಕಸ್. ನಮ್ಮ ಬಿಸಿಲು, ಧೂಳಿನಲ್ಲಿ ದಿನವಿಡೀ ದುಡಿಯುವವರಿಗೆ ಗಟ್ಟಿ ಕವಚಕ್ಕೆ ಬೆಲೆಯಿದೆ, ಉಳಿದವರಿಗೆ ಅಷ್ಟಿಲ್ಲ. ನಿಕಾನ್ ಸಹ ತನ್ನ ಹಲವು ಕ್ಯಾಮೆರಾಗಳಿಗೆ ಪ್ರತಿಸ್ಪರ್ಧಿ ಸೋನಿಯ ಸೆನ್ಸರ್‌ಗಳನ್ನೇ ಬಳಸಿದೆ.

ಪೈಪೋಟಿಯೂ ಬೆಲೆಯನ್ನು ಕಟ್ಟಿಹಾಕುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಘೋಷಣೆಯಾದ ನಿಕಾನ್ ಡಿ600 ಮತ್ತು ಕ್ಯಾನನ್ 6ಡಿ ಎರಡಕ್ಕೂ ಅಮೆರಿಕದಲ್ಲಿ ಸುಮಾರು 2,100 ಡಾಲರ್ ಬೆಲೆಯಿತ್ತು.

ಆದ್ದರಿಂದ ಹೊಸ ಮಾದರಿ ಬಂದಾಗ ಅದರ ಹಿಂದಿನದನ್ನು ವಿಚಾರಿಸಿ, ಸೆನ್ಸರ್ ಬದಲಾಗಿದೆಯೇ ಎಂದು ಪರಿಶೀಲಿಸಿ, ಬದಲಾಗಿರದಿದ್ದರೆ ಹಳೆಯದನ್ನೇ ಕೊಂಡು ಉಳಿದ ಹಣವನ್ನು ಒಳ್ಳೆಯ ಲೆನ್ಸ್‌ಗೆ ಹಾಕಿರಿ.