ಕೋಳಿಗೆ ಕೊಟ್ಟ ಔಷಧ, ಮನೆಯವರ ಹೊಟ್ಟೆಯಲ್ಲಿ ಗುರುತು: ಪತ್ತೆ ಹಚ್ಚುವುದು ಹೇಗೆ?

ಆ್ಯಂಟಿಬಯಾಟಿಕ್ ಜಾಸ್ತಿ ಬಳಸಿದರೆ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ತೋರಿಸಿಕೊಡುವುದು ಹೇಗೆ? ಅಮೆರಿಕದ ಬಾಸ್ಟನ್‌ನಲ್ಲಿರುವ ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಸಂಶೋಧಕ ಸ್ಟುವರ್ಟ್ ಲೆವಿ 1970ರ ದಶಕದಲ್ಲಿ ಒಂದು ಕೋಳಿ ಫಾರ್ಮ್‌ಗೆ ಹೋಗಿ ಇದನ್ನು ಮಾಡಿ ತೋರಿಸಿದರು. ಫಲಿತಾಂಶ 1976ರಲ್ಲಿ ಪ್ರಕಟವಾಯಿತು. ಇಂಥ ಸಂಶೋಧನೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಅವರ ಹಿಂದೆಯೇ ಒಂದೊಂದು ಹೆಜ್ಜೆ ಹೋಗೋಣ.

ಮೊದಲು ಸ್ವಲ್ಪ ಹಿನ್ನೆಲೆ. ಕೋಳಿಮರಿಗಳ ಆಹಾರದಲ್ಲಿ ಚೂರೇ ಚೂರು ಆ್ಯಂಟಿಬಯಾಟಿಕ್ ಬೆರೆಸಿದರೆ ಅವು ಬೇಗ ಮೈತುಂಬಿಕೊಳ್ಳುತ್ತವೆ ಎನ್ನುವುದು 1950ರ ಸುಮಾರಿಗೆ ಗೊತ್ತಾಗಿತ್ತು. ಕೋಳಿಗೆ ಕಾಯಿಲೆ ಇರಲೇಬೇಕೆಂದಿಲ್ಲ, ಸುಮ್ನೆ ದಿನಾ ಹಾಕುತ್ತಾ ಹೋಗುವುದು. ಅಷ್ಟು ಕಡಿಮೆ ಔಷಧದಿಂದ ಜನರಿಗೇನೂ ಆಗದು ಎಂಬುದು ಉದ್ಯಮದವರ ವಾದವಾಗಿತ್ತು. ತಮಾಷೆಯೆಂದರೆ, ಲೆವಿಯ ಅಧ್ಯಯನಕ್ಕೆ ದುಡ್ಡು ಕೊಟ್ಟಿದ್ದೂ ಪಶು ಔಷಧ ಕಂಪನಿಗಳ ಸಂಘವೇ.

1. ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

‘ಆಹಾರದಲ್ಲಿ ಔಷಧ ಬೆರೆಸುವುದು ಸರಿಯೋ ತಪ್ಪೋ’ ಎಂಬುದನ್ನು ಅಳೆಯಲು ಬರುವುದಿಲ್ಲ. ‘ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ಆಹಾರವನ್ನು ಕೋಳಿಗೆ ಹಾಕಿದರೆ, ಫಾರ್ಮ್‌ನಲ್ಲಿ ವಾಸಿಸುವವರ ಕರುಳಿನ ಬ್ಯಾಕ್ಟೀರಿಯಾ ಬದಲಾಗುತ್ತವೆಯೇ?’ ಎಂಬುದನ್ನು ಅಳೆಯಬಹುದು. ಒಂದು ಔಷಧ, ಒಂದು ಜಾಗ, ಎಣಿಸಲು ಸಿಗುವ ಒಂದು ವಸ್ತು.

2. ಔಷಧ ಬರುವ ಮೊದಲೇ ಎಣಿಸಿ

ನನ್ನ ಮಟ್ಟಿಗೆ ಇಡೀ ಅಧ್ಯಯನದ ಜೀವಾಳ ಇಲ್ಲಿದೆ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾವನ್ನು ಔಷಧವೇ ಹುಟ್ಟಿಸುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅಂಥವು ಔಷಧ ಸೋಕುವ ಮೊದಲೇ ಗುಂಪಿನಲ್ಲಿ ಒಂದೋ ಎರಡೋ ಇರುತ್ತವೆ ಎಂದು ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲೇ ತೋರಿಸಿಕೊಟ್ಟಿದ್ದರು. ಔಷಧ ಮಾಡುವುದು ಉಳಿದವನ್ನು ಕೊಂದು ಇವಕ್ಕೆ ಜಾಗ ಬಿಟ್ಟುಕೊಡುವ ಕೆಲಸ.

ಹಾಗಾಗಿ ‘ಜಗ್ಗದ ಬ್ಯಾಕ್ಟೀರಿಯಾ ಸಿಕ್ಕಿತು’ ಎಂದರೆ ಏನೂ ಹೇಳಿದಂತಾಗಲಿಲ್ಲ, ಹುಡುಕಿದರೆ ಎಲ್ಲಿ ಬೇಕಾದರೂ ಸಿಗುತ್ತವೆ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಎರಡೂ ಲೆಕ್ಕ ಬೇಕು. ಔಷಧದ ಆಹಾರ ಫಾರ್ಮ್‌ಗೆ ಹೊಸದಾಗಿ ಬರುವ ಹೊತ್ತಿಗೆ ಸರಿಯಾಗಿ ಅಲ್ಲಿದ್ದು, ಮುಂದೇನಾಗುತ್ತದೆ ಎಂದು ನೋಡುತ್ತಾ ಹೋಗಿದ್ದು ಲೆವಿಯ ಜಾಣತನ. ಆಗಿಹೋದ ಮೇಲೆ ಬಂದು ಕಾರಣ ಹುಡುಕಿದ್ದರೆ ವಾದಕ್ಕೆ ಕೊನೆಯೇ ಇರುತ್ತಿರಲಿಲ್ಲ.

3. ಹೋಲಿಸಲು ಇನ್ನೊಂದು ಗುಂಪು ಇಟ್ಟುಕೊಳ್ಳಿ

ಕೆಲವು ಕೋಳಿಗಳಿಗೆ ಔಷಧ ಬೆರೆತ ಆಹಾರ, ಕೆಲವಕ್ಕೆ ಬೆರೆಸದ್ದು. ಜನರಲ್ಲೂ ಎರಡು ಗುಂಪು: ಫಾರ್ಮ್ ಮನೆಯ 11 ಮಂದಿ, ಅಕ್ಕಪಕ್ಕದ ಮನೆಗಳ 24 ಮಂದಿ. ಊರು ಒಂದೇ, ಹವೆ ಒಂದೇ, ವ್ಯತ್ಯಾಸ ಕೋಳಿಗಳ ಒಡನಾಟ ಮಾತ್ರ. ಇವರಿಂದೆಲ್ಲ ವಾರ ವಾರವೂ ಮಲದ ಸ್ಯಾಂಪಲ್ ತರಿಸಬೇಕು. ಲ್ಯಾಬ್ ಕೆಲಸಕ್ಕಿಂತ ಪಕ್ಕದ ಮನೆಯವರನ್ನು ಇದಕ್ಕೆ ಒಪ್ಪಿಸುವುದೇ ಕಷ್ಟವಲ್ವಾ!

4. ಎರಡು ಪ್ಲೇಟ್, ಒಂದು ಭಾಗಾಕಾರ

ಇಂಥ ಎಣಿಕೆಯ ಸಾಮಾನ್ಯ ಕ್ರಮ ಹೀಗಿದೆ. ಸ್ಯಾಂಪಲ್‌ನ ಒಂದು ಗ್ರಾಂನಲ್ಲೇ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್‌ಗೆ (ಲ್ಯಾಬ್‌ನ ಚಪ್ಪಟೆ ತಟ್ಟೆ) ನೇರವಾಗಿ ಹಚ್ಚಿದರೆ ಪ್ಲೇಟ್ ತುಂಬ ಒಂದೇ ಲೋಳೆ. ಅದಕ್ಕೆ ಅದನ್ನು ಹತ್ತು ಪಟ್ಟು ತೆಳುವಾಗಿಸಿ, ಅದರಿಂದ ಸ್ವಲ್ಪ ತೆಗೆದು ಮತ್ತೆ ಹತ್ತು ಪಟ್ಟು, ಹೀಗೆ ಹಲವು ಸಲ ಮಾಡುತ್ತಾರೆ. ಒಂದು ಪ್ಲೇಟ್‌ನಲ್ಲಿ 30ರಿಂದ 300ರೊಳಗೆ ಚುಕ್ಕಿಗಳು ಮೂಡಿದರೆ ಎಣಿಸಲು ಹದ.

ಈ ತೆಳು ದ್ರಾವಣವನ್ನು ಎರಡು ಪ್ಲೇಟ್‌ಗಳಿಗೆ ಸಮನಾಗಿ ಹಚ್ಚಬೇಕು. ಎರಡರಲ್ಲೂ ಮೆಕಾಂಕಿ ಅಗಾರ್ ಎಂಬ, ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಜೆಲ್ಲಿಯಂಥ ಆಹಾರ ಇರುತ್ತದೆ. ಒಂದರ ಅಗಾರ್‌ಗೆ ಮಾತ್ರ ಟೆಟ್ರಾಸೈಕ್ಲಿನ್ ಸೇರಿಸಿರುತ್ತಾರೆ. ರಾತ್ರಿಯಿಡೀ 37 ಡಿಗ್ರಿ ಬಿಸಿಯಲ್ಲಿ ಇಟ್ಟು ಬೆಳಿಗ್ಗೆ ತೆಗೆದರೆ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಇದ್ದಲ್ಲಿ ಗುಲಾಬಿ ಚುಕ್ಕಿಗಳು ಎದ್ದಿರುತ್ತವೆ. ಸ್ಯಾಂಪಲ್‌ನಲ್ಲಿದ್ದ ಒಂದೊಂದು ಬ್ಯಾಕ್ಟೀರಿಯಾ ರಾತ್ರಿ ಕಳೆಯುವುದರೊಳಗೆ ಬೆಳೆಸಿದ ಸಂಸಾರವೇ ಒಂದೊಂದು ಚುಕ್ಕಿ.

ಉದಾಹರಣೆಗೆ, ಔಷಧವಿಲ್ಲದ ಪ್ಲೇಟ್‌ನಲ್ಲಿ 200 ಚುಕ್ಕಿ, ಔಷಧವಿರುವುದರಲ್ಲಿ 170 ಎಂದುಕೊಳ್ಳಿ. 170ನ್ನು 200ರಿಂದ ಭಾಗಿಸಿದರೆ 85 ಶೇಕಡಾ. ಅಂದರೆ ಆ ವ್ಯಕ್ತಿಯ ಕರುಳಿನ ಇಂಥ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 85 ಟೆಟ್ರಾಸೈಕ್ಲಿನ್‌ಗೆ ಸೊಪ್ಪು ಹಾಕುವುದಿಲ್ಲ. ಲೆವಿ 80 ಶೇಕಡಾವನ್ನು ಗಡಿಯಾಗಿ ಹಿಡಿದರು.

5. ಅಂಕಿಯನ್ನು ಅವಸರದಲ್ಲಿ ಓದಬೇಡಿ

ಔಷಧ ತಿಂದ ಕೋಳಿಗಳಲ್ಲಿ ಒಂದೇ ವಾರದೊಳಗೆ ಹೆಚ್ಚುಕಡಿಮೆ ಪೂರ್ತಿ ಜಗ್ಗದ ಬ್ಯಾಕ್ಟೀರಿಯಾವೇ ತುಂಬಿದ್ದವು. ಇದು ನಿರೀಕ್ಷಿಸಿದ್ದೇ. ಮನುಷ್ಯರಲ್ಲಿ ನಿಧಾನ. ಐದಾರು ತಿಂಗಳಲ್ಲಿ, ಫಾರ್ಮ್ ಮನೆಯವರ ಸ್ಯಾಂಪಲ್‌ಗಳ ಪೈಕಿ ಶೇ 31.3ರಷ್ಟು ಆ 80ರ ಗಡಿ ದಾಟಿದ್ದವು. ನೆರೆಯವರದ್ದು ಶೇ 6.8 ಮಾತ್ರ.

ಇಲ್ಲೊಂದು ಎಚ್ಚರಿಕೆ. ಶೇ 31.3 ಎಂಬುದು ಸ್ಯಾಂಪಲ್‌ಗಳ ಲೆಕ್ಕ, ಜನರ ಲೆಕ್ಕವಲ್ಲ. ಒಬ್ಬನೇ ವ್ಯಕ್ತಿ ಹತ್ತಾರು ಸ್ಯಾಂಪಲ್ ಕೊಟ್ಟು ಅಂಕಿಯನ್ನು ಮೇಲಕ್ಕೆ ಎಳೆಯಬಹುದು. ಅದಕ್ಕೇ ಲೆವಿ ತಲೆಯೆಣಿಕೆಯನ್ನೂ ಕೊಟ್ಟರು: ಎರಡು ಅಥವಾ ಹೆಚ್ಚು ಸಲ ಗಡಿ ದಾಟಿದವರು ಮನೆಯ 11 ಮಂದಿಯಲ್ಲಿ 7, ನೆರೆಯ 24 ಮಂದಿಯಲ್ಲಿ 3. ಈ ಎರಡನೇ ಲೆಕ್ಕವೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು.

6. ಗುಣ ದಾಟುತ್ತದೆಯೇ ನೋಡಿ

ಎಣಿಕೆಗೆ ನಿಲ್ಲಿಸಬಾರದು. ಔಷಧವನ್ನು ಎದುರಿಸುವ ಗುಣ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರದಲ್ಲಿರುತ್ತದೆ. ಕೀಗೊಂಚಲನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ ಒಂದು ಬ್ಯಾಕ್ಟೀರಿಯಾ ಇದರ ಪ್ರತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ, ಎಲ್ಲ ಕೀಲಿಗಳೂ ಒಟ್ಟಿಗೇ ಹೋಗುತ್ತವೆ.

ಪರೀಕ್ಷೆ ಬಲು ಸೊಗಸಾದದ್ದು. ಫಾರ್ಮ್‌ನಲ್ಲಿ ಸಿಕ್ಕ, ಟೆಟ್ರಾಸೈಕ್ಲಿನ್‌ಗೆ ಜಗ್ಗದ ಬ್ಯಾಕ್ಟೀರಿಯಾ ಒಂದು. ಟೆಟ್ರಾಸೈಕ್ಲಿನ್‌ಗೆ ಸಾಯುವ, ಆದರೆ ನ್ಯಾಲಿಡಿಕ್ಸಿಕ್ ಆ್ಯಸಿಡ್ ಎಂಬ ಬೇರೊಂದು ಔಷಧಕ್ಕೆ ಜಗ್ಗದ ಲ್ಯಾಬ್ ತಳಿ ಇನ್ನೊಂದು. ಎರಡನ್ನೂ ಬೆರೆಸಿ ಕೆಲವು ಗಂಟೆ ಬಿಟ್ಟು, ಎರಡೂ ಔಷಧಗಳಿರುವ ಪ್ಲೇಟ್‌ಗೆ ಹಚ್ಚಬೇಕು. ಮೊದಲನೆಯದು ನ್ಯಾಲಿಡಿಕ್ಸಿಕ್ ಆ್ಯಸಿಡ್‌ಗೆ ಸಾಯಬೇಕು, ಎರಡನೆಯದು ಟೆಟ್ರಾಸೈಕ್ಲಿನ್‌ಗೆ ಸಾಯಬೇಕು. ಆದರೂ ಚುಕ್ಕಿ ಎದ್ದರೆ? ಉಂಗುರ ದಾಟಿದೆ ಎಂದೇ ಅರ್ಥ.

ಫಾರ್ಮ್‌ನ ಬ್ಯಾಕ್ಟೀರಿಯಾಗಳಲ್ಲಿ ಹೀಗೆ ದಾಟುವ ಪ್ಲಾಸ್ಮಿಡ್‌ಗಳು ಸಿಕ್ಕವು. ಅವು ಹೊತ್ತಿದ್ದು ಹಲವು ಔಷಧಗಳನ್ನು ಎದುರಿಸುವ ಗುಣವನ್ನು. ಕೋಳಿಗೆ ಹಾಕಿದ್ದು ಒಂದೇ ಔಷಧ, ನೆನಪಿರಲಿ.

7. ಔಷಧ ನಿಲ್ಲಿಸಿ, ಎಣಿಕೆ ನಿಲ್ಲಿಸಬೇಡಿ

ಔಷಧದ ಆಹಾರವನ್ನು ಫಾರ್ಮ್‌ನಿಂದ ತೆಗೆದ ಕೆಲವು ತಿಂಗಳ ಮೇಲೆ ಮನೆಯ ಹೆಚ್ಚಿನವರಲ್ಲಿ ಜಗ್ಗದ ಬ್ಯಾಕ್ಟೀರಿಯಾ ಇಳಿದವು. ಕಾರಣ ಹೋದಾಗ ಪರಿಣಾಮವೂ ಇಳಿದರೆ ವಾದ ಗಟ್ಟಿಯಾಗುತ್ತದೆ. ಎಲ್ಲ ಕಡೆ ಇಷ್ಟು ಸಲೀಸಾಗಿ ಇಳಿಯುತ್ತದೆ ಎಂದು ತಿಳಿಯಬೇಡಿ. ಒಮ್ಮೆ ಬೇರೂರಿದ ಪ್ಲಾಸ್ಮಿಡ್ ಔಷಧವಿಲ್ಲದೆಯೂ ಉಳಿದುಕೊಳ್ಳಬಹುದು.

ಇದು ಒಂದೇ ಫಾರ್ಮ್‌ನ ಕತೆ, ಜನರೂ ಕಡಿಮೆ. ಯಾರಿಗಾದರೂ ಕಾಯಿಲೆ ಬಂತು ಎಂದು ಈ ಅಧ್ಯಯನ ಹೇಳುವುದಿಲ್ಲ. ಕೋಳಿಯ ಆಹಾರಕ್ಕೂ ಮನುಷ್ಯನ ಕರುಳಿಗೂ ನಡುವೆ ದಾರಿಯಿದೆ ಎಂದಷ್ಟೇ ತೋರಿಸುತ್ತದೆ. ಆ ಅಷ್ಟಕ್ಕೇ ಅಮೆರಿಕದಲ್ಲಿ ದೊಡ್ಡ ಜಗಳ ಎದ್ದಿತು. ಪೆನಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆಸುವುದಕ್ಕೆ ಕಡಿವಾಣ ಹಾಕಲು ಅಲ್ಲಿನ ಔಷಧ ಇಲಾಖೆ 1977ರಲ್ಲೇ ಹೊರಟಿತು, ಆದರೆ ಅದು ಕೈಗೂಡಲಿಲ್ಲ. ಯುರೋಪಿಯನ್ ಒಕ್ಕೂಟ ಪ್ರಾಣಿಗಳ ಬೆಳವಣಿಗೆಗೆಂದು ಆ್ಯಂಟಿಬಯಾಟಿಕ್ ಹಾಕುವುದನ್ನು 2006ರಲ್ಲಿ ಪೂರ್ತಿ ನಿಲ್ಲಿಸಿತು. ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಹಾಗೆ ಬಳಸುವುದು ಅಮೆರಿಕದಲ್ಲಿ ನಿಂತಿದ್ದು 2017ರಲ್ಲಿ, ಲೆವಿಯ ಪ್ಲೇಟ್‌ಗಳ ಲೆಕ್ಕ ಪ್ರಕಟವಾಗಿ ನಾಲ್ಕು ದಶಕ ಕಳೆದ ಮೇಲೆ.