ಗೋಲ್ಡ್‌ಫಿಶ್ ಮೇಲೆ ಬಿಳಿ ಚುಕ್ಕೆ, ಗಂಟು ಕಂಡರೆ

ತಕ್ಷಣ ಔಷಧಿ ಸುರಿಯಬೇಡಿ. ಮೊದಲು ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಮೈ, ರೆಕ್ಕೆ ಎಲ್ಲ ಕಡೆ ಉಪ್ಪಿನ ಹರಳು ಉದುರಿಸಿದ ಹಾಗಿದ್ದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಇಕ್, ಅಂದರೆ ಪರಾವಲಂಬಿ ಜೀವಿಯಿಂದ ಬರುವ ಬಿಳಿ ಚುಕ್ಕೆ ರೋಗ. ಆಗ ಒಂದು ಮೀನಿಗಲ್ಲ, ಇಡೀ ಟ್ಯಾಂಕಿಗೇ ಚಿಕಿತ್ಸೆ ಬೇಕು. ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಲ್ಲಿ ಮಾತ್ರ ಸಣ್ಣ ಚುಕ್ಕೆ ಸಾಲಾಗಿದ್ದರೆ ಅದು ಕಾಯಿಲೆಯೇ ಅಲ್ಲ, ಗಂಡು ಮೀನು ಬೆದೆಗೆ ಬಂದಿದೆ ಅಷ್ಟೆ. ನಮ್ಮ ಮನೆಯಲ್ಲಿ ಇದು ಗೊತ್ತಿಲ್ಲದೆ ಸುಮ್ನೆ ಔಷಧಿ ಹಾಕಿದ್ದೆ. ಪಾಪ, ಈಗಲೂ ಬೇಜಾರಾಗುತ್ತದೆ.

ಗೋಲ್ಡ್‌ಫಿಶ್ ಥರವೇ ಸಾಕುವ ಬಣ್ಣದ ಕೊಯ್ ಮೀನಿಗೆ ಕರಗಿದ ಮೇಣದ ಹನಿಯಂಥ ಗಂಟಾದರೆ ಸಾಮಾನ್ಯವಾಗಿ ಕಾರ್ಪ್ ಪಾಕ್ಸ್. ವೈರಸ್ಸಿನದು, ನೀರು ಬೆಚ್ಚಗಾದಾಗ ಹೆಚ್ಚಾಗಿ ತಾನೇ ಇಳಿಯುತ್ತದೆ. ದಯವಿಟ್ಟು ಬ್ಲೇಡಿನಿಂದ ಕೆರೆಯಬೇಡಿ. ಗಂಟು ದೊಡ್ಡದಾಗುತ್ತಲೇ ಇದ್ದರೆ, ಮೀನು ತಿನ್ನುವುದು ಬಿಟ್ಟರೆ, ಮೀನು ನೋಡುವ ಪಶುವೈದ್ಯರಿಗೆ ತೋರಿಸಿ.